ಕೊಡಲಿ ಕೊಳ್ಳುವ ಮೊದಲು ಕಾವು ಅಳೆಯಿರಿ: ಕ್ಯಾಂಪಿಂಗ್‌ಗೆ ಯಾವುದು ಸರಿ?

ಕೊಡಲಿ ಕೊಳ್ಳಲು ಹೊರಟವರು ಮೊದಲು ಬ್ರ್ಯಾಂಡ್ ಕೇಳುತ್ತಾರೆ. ಆಮೇಲೆ ಬೆಲೆ. ಕೊನೆಗೆ ಯಾವ ಉಕ್ಕು ಅಂತ. ಕಾವಿನ, ಅಂದರೆ ಹಿಡಿಕೆಯ, ಉದ್ದ ಎಷ್ಟು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಎರಡನೆಯದು, ನೀವು ಕಡಿಯುವ ಮರ ಯಾವುದು ಅನ್ನುವುದು. ಇವೆರಡಕ್ಕೆ ಉತ್ತರ ಸಿಕ್ಕರೆ ಬ್ರ್ಯಾಂಡ್ ತಾನಾಗಿಯೇ ತೀರ್ಮಾನವಾಗುತ್ತದೆ. ಎಷ್ಟೋ ಸಲ ಬ್ರ್ಯಾಂಡಿನ ಅಗತ್ಯವೇ ಬೀಳುವುದಿಲ್ಲ.

ಇದನ್ನು ಎರಡು ಥರದ ಜನರಿಗಾಗಿ ಬರೆಯುತ್ತಿದ್ದೇನೆ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದು, ರಜೆ ಸಿಕ್ಕಾಗ ಸಕಲೇಶಪುರ, ಮೂಡಿಗೆರೆ, ಸಾಗರದ ಕಡೆ ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿ ಬೆಂಕಿ ಮುಂದೆ ಕೂರುವವರು ಒಂದು ಥರ. ಸ್ವೀಡನ್, ಕೆನಡಾ, ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಕಾಡಿನಲ್ಲಿ ನಡೆಯುತ್ತಾ ಬುಷ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಸಿಗುವುದನ್ನೇ ಬಳಸಿ ಇರುವ ಕಲೆ, ಕಲಿಯಲು ಶುರು ಮಾಡಿದವರು ಇನ್ನೊಂದು ಥರ. ಇಬ್ಬರಿಗೂ ಒಂದೇ ಕೊಡಲಿ ಹೊಂದುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಕರ್ನಾಟಕದ ಮೀಸಲು ಅರಣ್ಯದಲ್ಲಿ ಮರ ಕಡಿಯುವುದೂ ಬೆಂಕಿ ಹಾಕುವುದೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಅಲ್ಲಿ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಆ ಕಾಯ್ದೆ ಆಯುಧ ಅಂತ ಹೇಳುವುದರಲ್ಲಿ ಚಾಕುವೂ ಸೇರಿದೆ. ಹಾಗಾಗಿ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೊರಟಿದ್ದರೆ ಕೊಡಲಿ ಮನೆಯಲ್ಲೇ ಇರಲಿ. ತೋಟ ನಿಮ್ಮದೇ ಆಗಿದ್ದರೂ ನಿಂತ ಮರ ಉರುಳಿಸಲು ಹೆಚ್ಚಿನ ಜಾತಿಗಳಿಗೆ ಅನುಮತಿ ಬೇಕು, ಅದಕ್ಕೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯುವ, ಒಂದು ರಾತ್ರಿ ಉಳಿಯುವ ಹಕ್ಕು ಎಲ್ಲರಿಗೂ ಇದೆ, ನಿಜ. ಆದರೆ ಆ ಹಕ್ಕಿನ ಹೆಸರಲ್ಲಿ ಜೀವ ಇರುವ ಮರವನ್ನಾಗಲಿ ಕೊಂಬೆಯನ್ನಾಗಲಿ ಅಲ್ಲೂ ಕಡಿಯುವಂತಿಲ್ಲ.

ಇದರಿಂದ ನಮಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕ್ಯಾಂಪಿಂಗ್‌ನಲ್ಲಿ ಕೊಡಲಿಯ ಕೆಲಸ ಮರ ಉರುಳಿಸುವುದಲ್ಲ. ಬಿದ್ದು ಒಣಗಿದ ಕೊಂಬೆ ತುಂಡು ಮಾಡುವುದು, ತೋಟದವರು ಕೊಟ್ಟ ಸೌದೆಯನ್ನು ಬೆಂಕಿ ಹಿಡಿಯುವಷ್ಟು ಸಣ್ಣಗೆ ಸೀಳುವುದು, ಟೆಂಟಿನ ಗೂಟ ಚೂಪು ಮಾಡುವುದು. ಬುಷ್‌ಕ್ರಾಫ್ಟ್ ಮಾಡುವವರಿಗೆ ಇದರ ಜೊತೆ ಸೌಟು, ಬಟ್ಟಲು ಕೆತ್ತುವ ಕೆಲಸವೂ ಇರುತ್ತದೆ. ಇಷ್ಟಕ್ಕೆ ಎರಡು ಕೆಜಿ ತೂಕದ, ಎದೆಯೆತ್ತರದ ಕೊಡಲಿ ಹೊತ್ತು ಹೋಗಬೇಕಾಗಿಲ್ಲ ಅಲ್ವಾ?

ಕಾವಿನ ಉದ್ದ: ಇಲ್ಲೇ ಎಲ್ಲರೂ ಎಡವುವುದು

ಅಂಗಡಿಯಲ್ಲಿ ಸಿಗುವುದನ್ನು ಮೂರು ಗುಂಪು ಮಾಡಬಹುದು. 30ರಿಂದ 36 ಸೆಂ.ಮೀ. ಉದ್ದದ ಕೈಗೊಡಲಿ. 45ರಿಂದ 65 ಸೆಂ.ಮೀ. ಮಧ್ಯಮ ಕೊಡಲಿ. 70ರಿಂದ 90 ಸೆಂ.ಮೀ. ದೊಡ್ಡ ಕೊಡಲಿ. ಹೊಸಬರು ಹೆಚ್ಚಾಗಿ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ಸಣ್ಣದು, ಹಗುರ, ಬ್ಯಾಗಿನಲ್ಲಿ ಹಿಡಿಯುತ್ತದೆ, ನೋಡಿದರೆ ಭಯವಾಗುವುದಿಲ್ಲ.

ಆದರೆ ಭಯಪಡಬೇಕಾದ್ದು ಅದಕ್ಕೇ. ನಿಂತು ಬೀಸಿದ ಏಟು ತಪ್ಪಿತು ಅಂದುಕೊಳ್ಳಿ. ಉದ್ದ ಕಾವಿನ ಕೊಡಲಿಯಾದರೆ ಅದರ ಬಾಯಿ, ಅಂದರೆ ಹರಿತದ ಅಂಚು, ಹೆಚ್ಚಾಗಿ ನಿಮ್ಮ ಮುಂದಿನ ನೆಲಕ್ಕೆ ಹೊಡೆದು ನಿಲ್ಲುತ್ತದೆ. ಗಿಡ್ಡ ಕಾವಿನದು ನೆಲ ತಲುಪುವುದೇ ಇಲ್ಲ. ನಿಮ್ಮ ಕೈ ಅರ್ಧದಲ್ಲೇ ನಿಂತರೂ ಅದು ಸುತ್ತು ತಿರುಗಿ ನೇರ ಮೊಣಕಾಲಿಗೋ ಅದರ ಕೆಳಗಿನ ಮೂಳೆಗೋ ಬರುತ್ತದೆ. ಕೈಗೊಡಲಿ ಒಂದು ಕೈಯ ಉಪಕರಣ. ಇನ್ನೊಂದು ಕೈ ಸುಮ್ನೆ ಇರುವುದಿಲ್ಲ, ಸೌದೆ ಹಿಡಿದುಕೊಂಡಿರುತ್ತದೆ, ಅಂದರೆ ಬೆರಳುಗಳೂ ಏಟಿನ ದಾರಿಯಲ್ಲೇ ಇರುತ್ತವೆ. ಅದಕ್ಕೇ ಕೈಗೊಡಲಿಯನ್ನು ಯಾವಾಗಲೂ ಮಂಡಿಯೂರಿ, ಮುಂದೆ ಒಂದು ದಪ್ಪ ಕೊರಡು ಇಟ್ಟುಕೊಂಡು ಬಳಸಬೇಕು. ತಪ್ಪಿದ ಏಟು ಆ ಕೊರಡಿಗೋ ನೆಲಕ್ಕೋ ಬೀಳಬೇಕು, ಮತ್ತೆಲ್ಲಿಗೂ ಹೋಗುವ ದಾರಿ ಇರಬಾರದು.

ಹಾಗಂತ ಕೈಗೊಡಲಿ ಕೆಟ್ಟದ್ದಲ್ಲ. ಕೆತ್ತನೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಸೌದೆಯಿಂದ ಚಕ್ಕೆ ಪುಳ್ಳೆ ಎಬ್ಬಿಸಲೂ ಸರಿ. ಆದರೆ ನಿಮ್ಮ ಹತ್ತಿರ ಇರುವುದು ಒಂದೇ ಕೊಡಲಿ ಅನ್ನುವುದಾದರೆ ಅದು ಮಧ್ಯಮ ಅಳತೆಯದೇ ಆಗಿರಲಿ. 48ರಿಂದ 60 ಸೆಂ.ಮೀ. ಕಾವು ಇದ್ದರೆ ಎರಡು ಕೈಯಲ್ಲಿ ಹಿಡಿದು ಬೀಸಬಹುದು, ಕಾವಿನ ಮೇಲ್ಭಾಗ ಹಿಡಿದು ಒಂದು ಕೈಯಲ್ಲಿ ಕೆತ್ತಬಹುದು, ಬ್ಯಾಗಿನ ಪಕ್ಕಕ್ಕೆ ಕಟ್ಟಬಹುದು. ತೋಳಿನ ಅಳತೆ ನೋಡಿಕೊಳ್ಳುವ ಹಳೆಯ ಲೆಕ್ಕ ಒಂದಿದೆ. ಕೊಡಲಿಯ ತಲೆಯನ್ನು ಅಂಗೈಯಲ್ಲಿ ಹಿಡಿದಾಗ ಕಾವಿನ ತುದಿ ಕಂಕುಳ ಹತ್ತಿರಕ್ಕೆ ಬಂದರೆ ಆ ಉದ್ದ ನಿಮಗೆ ಆಗುತ್ತದೆ. ಮಧ್ಯಮ ಕೊಡಲಿಯನ್ನೂ ಆದಷ್ಟು ಮಂಡಿಯೂರಿಯೇ ಬಳಸಿ. ನಿಂತು ಬೀಸಲು ನಿಜಕ್ಕೂ ನೆಮ್ಮದಿ ಕೊಡುವುದು 70 ಸೆಂ.ಮೀ. ದಾಟಿದ ಕಾವು ಮಾತ್ರ.

ತೂಕದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೊಡಲಿಯ ತಲೆಯೊಂದೇ 600ರಿಂದ 800 ಗ್ರಾಂ ಇದ್ದರೆ ಸಾಕು. ಅದಕ್ಕಿಂತ ಹಗುರ ಆದರೆ ಏಟಿಗೆ ಬಲ ಸಾಲದೆ ನಿಮ್ಮ ತೋಳೇ ಆ ಬಲ ಕೊಡಬೇಕಾಗುತ್ತದೆ. ಒಂದು ಕೆಜಿ ದಾಟಿದರೆ ಸಂಜೆ ಹೊತ್ತಿಗೆ ಸುಸ್ತು. ಸುಸ್ತಾದ ಕೈಯಲ್ಲೇ ಕೊಡಲಿ ತಪ್ಪುವುದು.

ಮರ ಯಾವುದು ಅನ್ನುವುದರ ಮೇಲೆ ಬಾಯಿ

ಸ್ವೀಡನ್ನಿನ ಕೊಡಲಿಗಳ ಬಾಯಿ ತೆಳ್ಳಗೆ ಇರುತ್ತದೆ, ಮತ್ತು ಅದು ಸುಮ್ಮನೆ ಹಾಗಿಲ್ಲ. ಅಲ್ಲಿನ ಕಾಡಲ್ಲಿ ಇರುವುದು ಪೈನ್, ಸ್ಪ್ರೂಸ್, ಬರ್ಚ್. ಒಣಗಿದ ಸ್ಪ್ರೂಸ್ ಒಂದು ಘನ ಮೀಟರಿಗೆ ಸುಮಾರು 450 ಕೆಜಿ ತೂಗುತ್ತದೆ. ನಮ್ಮ ಸರ್ವೆ ಮರ 800 ಕೆಜಿ ದಾಟುತ್ತದೆ. ತೆಳ್ಳಗಿನ ಬಾಯಿ ಮೆತ್ತನೆ ಮರದೊಳಗೆ ಆಳಕ್ಕೆ ಹೋಗುತ್ತದೆ, ದೊಡ್ಡ ಚಕ್ಕೆ ಎಬ್ಬಿಸುತ್ತದೆ, ನೋಡಲು ಖುಷಿಯಾಗುತ್ತದೆ. ಅದನ್ನೇ ಒಣಗಿದ ಸರ್ವೆಗೋ, ಜಾಲಿಗೋ, ಹಳೆಯ ಕಾಫಿ ಗಿಡದ ಬುಡಕ್ಕೋ ಬಲವಾಗಿ ಹೊಡೆದರೆ ಬಾಯಿ ಒಂದೋ ಮಡಚಿಕೊಳ್ಳುತ್ತದೆ, ಇಲ್ಲವೋ ಚೂರು ಹಾರುತ್ತದೆ. ಕೊಡಲಿ ಕಳಪೆ ಅಂತಲ್ಲ. ಅದನ್ನು ಮಾಡಿದ್ದು ಬೇರೆ ಮರಕ್ಕೆ.

ಕೋನದ ಲೆಕ್ಕದಲ್ಲಿ ಹೇಳಬೇಕಾದರೆ, ಎರಡೂ ಬದಿ ಸೇರಿಸಿ ಬಾಯಿಯ ಕೋನ ಮೆತ್ತನೆ ಮರಕ್ಕೆ 25ರಿಂದ 30 ಡಿಗ್ರಿ ಇದ್ದರೆ ಚೆಂದ. ನಮ್ಮ ಗಟ್ಟಿ ಮರಕ್ಕೆ 30ರಿಂದ 35 ಬೇಕು. ಇಷ್ಟೇ ವ್ಯತ್ಯಾಸ, ಆದರೆ ಕೊಡಲಿ ಉಳಿಯುವುದೂ ಹಾಳಾಗುವುದೂ ಇದರ ಮೇಲೆಯೇ. ದುಬಾರಿ ಕೊಡಲಿ ಆಗಲೇ ಕೊಂಡಿದ್ದರೆ ಬೇಸರ ಬೇಡ. ಬಾಯಿಯ ತುದಿಯ ಒಂದೆರಡು ಮಿಲಿಮೀಟರನ್ನು ಮಾತ್ರ ಕಲ್ಲಿನಲ್ಲಿ ಸ್ವಲ್ಪ ಅಗಲ ಕೋನಕ್ಕೆ ತಂದುಕೊಂಡರೆ ಅದೇ ಕೊಡಲಿ ಮಲೆನಾಡಿನಲ್ಲೂ ನಡೆಯುತ್ತದೆ.

ಚಳಿ ದೇಶದಲ್ಲಿ ಇರುವವರಿಗೂ ಒಂದು ಮಾತು. ಸೊನ್ನೆಗಿಂತ ಬಹಳ ಕೆಳಗೆ ಇಳಿದ ದಿನ ಉಕ್ಕು ಪೆಡಸಾಗುತ್ತದೆ, ಹೆಪ್ಪುಗಟ್ಟಿದ ಮರ ಇನ್ನೂ ಗಟ್ಟಿಯಾಗಿರುತ್ತದೆ, ಗಂಟಿಗೆ ಹೊಡೆದರೆ ತೆಳ್ಳಗಿನ ಬಾಯಿಯ ಚೂರು ಕಿತ್ತು ಬರುತ್ತದೆ. ಕೆಲಸ ಶುರು ಮಾಡುವ ಮೊದಲು ಬಾಯಿಯನ್ನು ಅಂಗೈಯಲ್ಲೋ ಕೋಟಿನೊಳಗೋ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಬೆಂಕಿಗೆ ಹಿಡಿಯಬೇಡಿ, ಉಕ್ಕಿನ ಹದ, ಅಂದರೆ ಕುಲುಮೆಯಲ್ಲಿ ಕಾಯಿಸಿ ತಣಿಸಿ ಕೊಟ್ಟ ಗಟ್ಟಿತನ, ಹೋಗುತ್ತದೆ.

ನಮ್ಮ ಕಡೆ ಸಿಗುವ ಸೌದೆಯ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕಂದರೆ ಹೊರದೇಶದವರು ಬರೆದದ್ದರಲ್ಲಿ ಇದು ಸಿಗುವುದಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ನೇರವಾಗಿ ಸೀಳುತ್ತದೆ, ಹೊಸಬರು ಅದರಲ್ಲೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ. ಹಸಿ ಇರುವಾಗ ಸೀಳಿದರೆ ಸರಿ, ಒಣಗಿದ ಮೇಲೆ ಕೊಡಲಿ ಸಿಕ್ಕಿಕೊಂಡು ಬರುವುದೇ ಇಲ್ಲ. ಬಳ್ಳಾರಿ ಜಾಲಿ ಒಳ್ಳೆಯ ಕೆಂಡ ಕೊಡುತ್ತದೆ, ಆದರೆ ಡೊಂಕು, ಮುಳ್ಳು, ವಿಪರೀತ ಗಟ್ಟಿ. ಅದಕ್ಕೆ ಕೊಡಲಿಗಿಂತ ಗರಗಸ ವಾಸಿ. ತೆಂಗಿನ ಮರ ಬರೀ ನಾರು, ಸೀಳಲು ಹೋಗಬೇಡಿ. ಬಿದಿರಿಗೆ ಕೊಡಲಿ ಹಾಕುವುದು ವ್ಯರ್ಥ, ಜಾರುತ್ತದೆ, ಪುಟಿಯುತ್ತದೆ. ಅದು ಕತ್ತಿಯ, ಅಂದರೆ ತೋಟದವರು ಬಳಸುವ ಮಚ್ಚಿನ, ಕೆಲಸ.

ಹೆಸರುವಾಸಿ ಕೊಡಲಿಗಳು

ಎಲ್ಲರ ಬಾಯಲ್ಲೂ ಇರುವ ಹೆಸರು ಗ್ರಾನ್ಸ್‌ಫೋರ್ಸ್ ಬ್ರುಕ್. ಸ್ವೀಡನ್ನಿನಲ್ಲಿ 1902ರಿಂದ ಕೊಡಲಿ ಮಾಡುತ್ತಿರುವ ಕಾರ್ಖಾನೆ. ಪ್ರತಿ ತಲೆಯ ಮೇಲೂ ಅದನ್ನು ತಟ್ಟಿದ ಕಮ್ಮಾರರ ಹೆಸರಿನ ಮೊದಲಕ್ಷರ ಒತ್ತಿರುತ್ತಾರೆ, 20 ವರ್ಷದ ಗ್ಯಾರಂಟಿ ಕೊಡುತ್ತಾರೆ. ಅವರ ಸ್ಮಾಲ್ ಫಾರೆಸ್ಟ್ ಆಕ್ಸ್‌ನ ತಲೆ ಸುಮಾರು 700 ಗ್ರಾಂ, ಕಾವು 19 ಇಂಚು ಅಂದರೆ 48 ಸೆಂ.ಮೀ. ಮೇಲೆ ಹೇಳಿದ ಮಧ್ಯಮ ಅಳತೆಗೆ ಸರಿಯಾಗಿ ಕೂರುತ್ತದೆ. ಸ್ವೀಡನ್ನಿನಲ್ಲೋ ಕೆನಡಾದಲ್ಲೋ ಇರುವವರು ಒಂದೇ ಕೊಡಲಿ ಕೊಳ್ಳುತ್ತೇನೆ, ಹಣದ ಚಿಂತೆ ಇಲ್ಲ ಅಂದರೆ ನಾನು ಇದನ್ನೇ ಹೇಳುತ್ತೇನೆ. ಅಮೆರಿಕದಲ್ಲೇ 150 ಡಾಲರ್ ದಾಟುತ್ತದೆ. ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಇನ್ನೂ ಮೇಲೆ. ಕರ್ನಾಟಕದ ತೋಟದಲ್ಲಿ ಬಳಸುವವರು ಅಷ್ಟು ಹಣ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿನ ಮರಕ್ಕೆ ಅದರ ಬಾಯಿ ಹೇಗೂ ಬದಲಿಸಬೇಕು.

ಹುಲ್ಟ್ಸ್ ಬ್ರುಕ್ ಕೂಡ ಸ್ವೀಡನ್ನಿನದೇ, 1697ರಷ್ಟು ಹಳೆಯದು. ಅವರ ಅಕ್ಕಾ ಅನ್ನುವ ಮಾದರಿಯ ತಲೆಯೂ ಸುಮಾರು 700 ಗ್ರಾಂ, ಕಾವು ಮಾತ್ರ 24 ಇಂಚು. ಸ್ವಲ್ಪ ಎತ್ತರದ ಆಳಾದರೆ, ಕೆತ್ತುವುದಕ್ಕಿಂತ ಕಡಿಯುವುದೇ ಜಾಸ್ತಿ ಅನ್ನುವುದಾದರೆ ಗ್ರಾನ್ಸ್‌ಫೋರ್ಸ್‌ಗಿಂತ ಇದೇ ಮೇಲು. ಆ ಐದು ಇಂಚು ಏಟಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಫಿಸ್ಕಾರ್ಸ್ ಫಿನ್ಲೆಂಡಿನ ಕಂಪನಿ, 1649ರಲ್ಲಿ ಶುರುವಾದದ್ದು. ಕಿತ್ತಳೆ ಹಿಡಿಯ ಕತ್ತರಿ ನೋಡಿರುತ್ತೀರಿ, ಅದು ಅವರದೇ. ಎಕ್ಸ್ 7 ಅನ್ನುವ ಅವರ ಕೈಗೊಡಲಿ 35 ಸೆಂ.ಮೀ. ಉದ್ದ, ಒಟ್ಟು ತೂಕ ಸುಮಾರು 640 ಗ್ರಾಂ. ಕಾವು ನಾರು ಬೆರೆಸಿದ ಪ್ಲಾಸ್ಟಿಕ್, ತಲೆಯನ್ನು ಸುತ್ತುವರಿದು ಎರಕವಾಗಿರುತ್ತದೆ. ಇದರಿಂದ ತಲೆ ಸಡಿಲವಾಗುವ ಭಯವೇ ಇಲ್ಲ, ಮಳೆಗಾಲ ಬೇಸಗೆ ಎರಡರಲ್ಲೂ ಒಂದೇ ಥರ. ಮಲೆನಾಡಿನ ತೇವದಲ್ಲಿ ಇದು ದೊಡ್ಡ ಅನುಕೂಲ. ಆದರೆ ಕಾವು ಮುರಿದರೆ ಕಥೆ ಮುಗಿಯಿತು, ಹೊಸ ಕಾವು ಹಾಕಿಸಲು ಆಗುವುದಿಲ್ಲ. ಕಾವು ಗಿಡ್ಡ ಅನ್ನುವುದನ್ನೂ ಮರೆಯಬೇಡಿ, ಮಂಡಿಯೂರಿಯೇ ಬಳಸಬೇಕು. ಕಡಿಮೆ ಖರ್ಚಿನಲ್ಲಿ ನಂಬಿಕೆಯ ಕೈಗೊಡಲಿ ಬೇಕು, ಆರೈಕೆ ಮಾಡುವಷ್ಟು ಸಮಯ ಇಲ್ಲ ಅನ್ನುವವರಿಗೆ ಇದು.

ಅಮೆರಿಕದ ಎಸ್ಟ್‌ವಿಂಗ್ ಕಂಪನಿಯ ಸ್ಪೋರ್ಟ್ಸ್‌ಮನ್ಸ್ ಆಕ್ಸ್‌ನಲ್ಲಿ ತಲೆ, ಕಾವು ಎರಡೂ ಒಂದೇ ಉಕ್ಕಿನ ತುಂಡು, ಹಿಡಿಗೆ ಚರ್ಮದ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಇಲಿನಾಯ್ಸ್ ರಾಜ್ಯದ ರಾಕ್‌ಫರ್ಡ್‌ನಲ್ಲಿ 1923ರಿಂದ ಇರುವ ಕಂಪನಿ. ಮುರಿಯುವುದಂತೂ ಕಷ್ಟ. ಆದರೆ ಕಾವು ಉಕ್ಕಿನದಾದ್ದರಿಂದ ಗಟ್ಟಿ ಮರಕ್ಕೆ ಹೊಡೆದಾಗ ಅದರ ಅದುರು ಮಣಿಕಟ್ಟಿಗೆ ಬರುತ್ತದೆ, ತೂಕವೂ ಹಿಡಿಯ ಕಡೆಗೆ ಹಂಚಿಹೋಗಿರುತ್ತದೆ. ನಮ್ಮ ಸರ್ವೆ, ಜಾಲಿಗೆ ನಾನು ಇದನ್ನು ಹೇಳುವುದಿಲ್ಲ. ಕಾರಿನಲ್ಲಿ ಇಟ್ಟುಕೊಂಡು ಅಂಗಡಿಯಿಂದ ತಂದ ಪೈನ್ ಸೌದೆ ಸೀಳುವ ಅಮೆರಿಕದ ಕ್ಯಾಂಪ್‌ಗೆ ಪರವಾಗಿಲ್ಲ.

ಅದೇ ದೇಶದ ಕೌನ್ಸಿಲ್ ಟೂಲ್ 1886ರಿಂದ ಉತ್ತರ ಕೆರೊಲಿನಾದಲ್ಲಿದೆ. ಅವರ ಬಾಯ್ಸ್ ಆಕ್ಸ್ ಅನ್ನುವುದರ ಹೆಸರು ನೋಡಿ ಮಕ್ಕಳದ್ದು ಅಂದುಕೊಳ್ಳಬೇಡಿ. ಒಂದು ಕೆಜಿ ತಲೆ, 28 ಇಂಚಿನ ಕಾವು. ಒಂದೇ ಕಡೆ ವಾರಗಟ್ಟಲೆ ಉಳಿಯುವವರಿಗೆ, ಮನೆಯಲ್ಲೂ ಬೆಂಕಿಗೂಡು ಇರುವವರಿಗೆ ಒಳ್ಳೆಯದು. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಭಾರ. ಅಲ್ಲಿ ಹಡ್ಸನ್ ಬೇ ಅನ್ನುವ ಚೆಂದದ ಆಕಾರವೂ ಸಿಗುತ್ತದೆ. ತಲೆಗೆ ಕಾವು ತಾಗುವ ಜಾಗ ಅದರಲ್ಲಿ ತುಂಬ ಕಡಿಮೆ, ಹಾಗಾಗಿ ಸಡಿಲ ಆಗುವುದು ಬೇಗ. ಆಕಾರಕ್ಕೆ ಮರುಳಾಗಿ ಕೊಳ್ಳಬೇಡಿ.

ಇನ್ನು ಕಪ್ಪು ಬಣ್ಣದ, ಹಿಂದೆ ಮೊನೆ ಇರುವ, ಕಾವಿನೊಳಗೆ ದಿಕ್ಸೂಚಿ ಬೆಂಕಿಪೊಟ್ಟಣ ಇಟ್ಟ ಟ್ಯಾಕ್ಟಿಕಲ್ ಕೊಡಲಿಗಳು ಆನ್‌ಲೈನ್‌ನಲ್ಲಿ ತುಂಬಿ ಹೋಗಿವೆ. ಬೇಡ. ಸಾಮಾನು ತುಂಬಲೆಂದು ಟೊಳ್ಳು ಮಾಡಿದ ಇಂಥ ಕಾವು ಏಟು ತಡೆಯುವುದು ಕಷ್ಟ. ಕಾನೂನಿನ ತೊಡಕೂ ಇದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳು ಶಸ್ತ್ರಾಸ್ತ್ರ ಕಾಯ್ದೆಯ ಪಟ್ಟಿಗೆ ಬರುತ್ತವೆ, ಮನೆ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಕೆಲಸಕ್ಕೆಂದು ಮಾಡಿದವುಗಳಿಗೆ ಮಾತ್ರ ವಿನಾಯಿತಿ. ಸೌದೆ ಕೊಡಲಿ ನೋಡಿದ ಪೊಲೀಸರಿಗೆ ಅದು ಸೌದೆ ಕೊಡಲಿ ಅಂತ ಗೊತ್ತಾಗುತ್ತದೆ. ಯುದ್ಧಕ್ಕೆ ಹೊರಟಂತೆ ಕಾಣುವುದನ್ನು ಅವರಿಗೆ ವಿವರಿಸುವ ಕಷ್ಟ ಯಾಕೆ?

ನಮ್ಮ ಕುಲುಮೆಯ ಕೊಡಲಿ

ಕರ್ನಾಟಕದಲ್ಲಿ ಇರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಬೆಲೆ ಕಡಿಮೆ ಅನ್ನುವುದು ಕಾರಣ ಅಲ್ಲ. ಇಲ್ಲಿನ ಮರಕ್ಕೆ ಇಲ್ಲಿನವರು ಮಾಡಿಕೊಂಡು ಬಂದ ಉಪಕರಣ ಇದು, ಸರಿಯಾಗಿ ಮಾಡಿಸಿಕೊಂಡರೆ ಬಾಯಿಯ ಕೋನ, ಹದ ಎರಡೂ ಮೊದಲಿನಿಂದಲೇ ನಮ್ಮ ಸೌದೆಗೆ ಹೊಂದುತ್ತವೆ. ಬೇಸರ ಏನೆಂದರೆ ಕುಲುಮೆಗಳು ಊರಿಂದ ಊರಿಗೆ ಮುಚ್ಚುತ್ತಿವೆ. ಇರುವ ಕಡೆ ಹೋಗಿ ಮಾಡಿಸಿಕೊಳ್ಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಬಳಿದು ತೂಗುಹಾಕಿದ ತಲೆ ಬೇರೆ, ಕುಲುಮೆಯದು ಬೇರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಅಂಗಡಿ ಮಾಲು ಬೇಕಾದಷ್ಟು ಸಿಗುತ್ತದೆ, ಕೆಲವು ಚೆನ್ನಾಗಿಯೂ ಇರುತ್ತವೆ. ಆದರೆ ಹದ ಪರೀಕ್ಷೆ ಮಾಡದೆ ಕೊಳ್ಳಬೇಡಿ. ಜೇಬಲ್ಲಿ ಒಂದು ಸಣ್ಣ ಅರ (ಲೋಹ ಉಜ್ಜುವ ಫೈಲ್) ಇಟ್ಟುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ ಬಾಯಿಯ ಮೂಲೆಯಲ್ಲಿ ಒಂದು ಸಲ ಉಜ್ಜಿ ನೋಡಿ. ಕಬ್ಬಿಣದ ಸರಳು ಉಜ್ಜಿದಷ್ಟೇ ಸಲೀಸಾಗಿ ಪುಡಿ ಉದುರಿದರೆ ಅದು ಮೆತ್ತಗೆ, ಮರದ ಎರಡು ಗಂಟಿಗೆ ಹೊಡೆದರೆ ಮೊಂಡಾಗುತ್ತದೆ. ಅರ ಕಚ್ಚದೆ ಜಾರಿ ಹೋದರೆ ವಿಪರೀತ ಗಟ್ಟಿ, ಚೂರು ಹಾರುತ್ತದೆ. ಕಷ್ಟಪಟ್ಟು ಸ್ವಲ್ಪವೇ ಕಚ್ಚಿದರೆ ಹದ ಸರಿಯಿದೆ.

ಕುಲುಮೆಗೆ ಹೋದರೆ ಕಮ್ಮಾರರ ಹತ್ತಿರ (ನಮ್ಮ ಮಲೆನಾಡು, ಕರಾವಳಿ ಕಡೆ ಆಚಾರ್ರು ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಕಂಬಾರರು) ಸುಮ್ನೆ ಒಂದು ಕೊಡಲಿ ಕೊಡಿ ಅನ್ನಬೇಡಿ. ಹಾಗೆ ಕೇಳಿದರೆ ಸೌದೆ ಒಡೆಯುವ ದಪ್ಪ ಕೊಡಲಿ ಕೊಡುತ್ತಾರೆ, ಅದು ಅವರ ತಪ್ಪಲ್ಲ, ದಿನವೂ ಜನ ಕೇಳುವುದು ಅದನ್ನೇ. ಹೀಗೆ ಹೇಳಿ: "ಆಚಾರ್ರೇ, ಕೊಂಬೆ ಕಡಿಯೋಕೆ, ಸಣ್ಣ ಸೌದೆ ಸೀಳೋಕೆ ಬೇಕು. ತಲೆ ಮುಕ್ಕಾಲು ಕೆಜಿ ಒಳಗೆ ಇರಲಿ. ಕಾವು ಎರಡು ಅಡಿಗೆ ಸ್ವಲ್ಪ ಕಮ್ಮಿ. ಬಾಯಿ ತೀರಾ ದಪ್ಪ ಬೇಡ." ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡಲು ಆಗುತ್ತದೆಯೇ ಅಂತಲೂ ಕೇಳಿ. ಆ ಉಕ್ಕು ಏಟು ತಡೆಯಲೆಂದೇ ಮಾಡಿದ್ದು, ಕೊಡಲಿಗೆ ಅದಕ್ಕಿಂತ ಒಳ್ಳೆಯ ಹಳೆಯ ಉಕ್ಕು ಸುಲಭಕ್ಕೆ ಸಿಗುವುದಿಲ್ಲ. ಕೆಲವರು ಮೈಯನ್ನು ಮೆತ್ತನೆ ಕಬ್ಬಿಣದಲ್ಲಿ ಮಾಡಿ ಬಾಯಿಗೆ ಮಾತ್ರ ಉಕ್ಕು ಬೆಸೆಯುತ್ತಾರೆ. ಅದೂ ಒಳ್ಳೆಯದೇ, ಬೆಸುಗೆ ಕೂತಿದ್ದರೆ. ಬೆಸೆದ ಗೆರೆಯಲ್ಲಿ ಬಿರುಕು ಇದೆಯೇ ಅಂತ ಬೆಳಕಿಗೆ ಹಿಡಿದು ನೋಡಿ.

ಕಾವಿಗೆ ಯಾವ ಮರ? ಅಮೆರಿಕ, ಸ್ವೀಡನ್ನಿನವರು ಹಿಕ್ಕರಿ ಮರ ಬಳಸುತ್ತಾರೆ, ಅದು ಬಾಗುತ್ತದೆ, ಮುರಿಯುವುದಿಲ್ಲ. ನಮ್ಮಲ್ಲಿ ಆ ಗುಣ ಇರುವುದು ತಡಸಲು ಮರಕ್ಕೆ. ದಿಂಡಿಗ ಕೂಡ ಹಳೆಯ ಕಾಲದಿಂದ ಕಾವಿಗೆ, ಗಾಡಿಯ ಅಚ್ಚಿಗೆ ಹೆಸರಾದದ್ದು. ಬಯಲುಸೀಮೆಯಲ್ಲಿ ಜಾಲಿ. ತೇಗ ಬೇಡ, ನೋಡಲು ಚೆಂದ ಆದರೆ ಏಟಿಗೆ ಸಿಡಿದು ಮುರಿಯುತ್ತದೆ. ಮರ ಯಾವುದಾದರೂ ಎಳೆ ನೇರ ಇರಬೇಕು. ಕಾವಿನ ತುದಿಯ ಕಡೆಯಿಂದ ನೋಡಿದಾಗ ಕಾಣುವ ಗೆರೆಗಳು ಕೊಡಲಿಯ ಬಾಯಿ ಇರುವ ದಿಕ್ಕಿಗೇ ಓಡಬೇಕು. ಅಡ್ಡ ಓಡಿದ್ದರೆ ಆ ಕಾವು ಎಂದಾದರೂ ಕೈಕೊಡುತ್ತದೆ.

ತಲೆಗೆ ಕಾವು ಕೂರಿಸುವುದರಲ್ಲಿ ಎರಡು ರೀತಿ ಇದೆ, ಕೊಳ್ಳುವಾಗ ಇದನ್ನೂ ನೋಡಿ. ಒಂದು, ಪಿಕಾಸಿಗೆ ಹಾಕುವ ಹಾಗೆ ಕಾವನ್ನು ಮೇಲಿನಿಂದ ಇಳಿಸುವುದು. ಕಾವಿನ ಮೇಲ್ತುದಿ ದಪ್ಪ ಇರುವುದರಿಂದ ಬೀಸಿದಷ್ಟೂ ತಲೆ ಬಿಗಿಯಾಗುತ್ತದೆ, ಹಾರಿ ಹೋಗುವ ಮಾತಿಲ್ಲ. ಊರಿಗೆ ಹೋಗುವಾಗ ಕಾವು ಕಳಚಿ ಬ್ಯಾಗಿನಲ್ಲಿ ಇಡಬಹುದು. ಎರಡನೆಯದು, ಕೆಳಗಿನಿಂದ ತೂರಿಸಿ ಮೇಲೆ ಬೆಣೆ ಹೊಡೆಯುವುದು. ಸ್ವೀಡನ್ನಿನವು ಎಲ್ಲ ಹೀಗೇ. ಕೈಗೆ ಚೆನ್ನಾಗಿ ಕೂರುತ್ತದೆ, ತೂಕ ಹದವಾಗಿರುತ್ತದೆ, ಆದರೆ ಬೆಣೆ ಸಡಿಲವಾದರೆ ತಲೆ ಹಾರುತ್ತದೆ. ಆಗುಂಬೆಯ ಮಳೆಯಲ್ಲಿ ಬಿಗಿಯಾಗಿದ್ದ ಕೊಡಲಿ ಏಪ್ರಿಲ್‌ನಲ್ಲಿ ಕಲಬುರಗಿಗೆ ಬಂದರೆ ಅಲ್ಲಾಡುತ್ತದೆ, ಮರ ಒಣಗಿ ಕುಗ್ಗಿರುತ್ತದೆ. ಆಗ ನಮ್ಮಲ್ಲಿ ಎಲ್ಲರೂ ಮಾಡುವುದು ತಲೆಯನ್ನು ನೀರಿನಲ್ಲಿ ನೆನೆಹಾಕುವುದು. ಅಂದಿನ ಮಟ್ಟಿಗೆ ಬಿಗಿಯಾಗುತ್ತದೆ, ನಿಜ. ಆದರೆ ಊದಿದ ಎಳೆಗಳು ಕಬ್ಬಿಣದ ಒಳಗೆ ನಜ್ಜಾಗಿ, ಮತ್ತೆ ಒಣಗಿದಾಗ ಮೊದಲಿಗಿಂತ ಜಾಸ್ತಿ ಸಡಿಲವಾಗುತ್ತವೆ. ಹೊಸ ಬೆಣೆ ಹೊಡೆಯಿರಿ. ಅದೇ ಸರಿಯಾದ ದಾರಿ.

ಕೊಡಲಿಯೇ ಬೇಡ ಅನ್ನುವ ಆಯ್ಕೆ

ಮಲೆನಾಡಿನಲ್ಲಿ ತೋಟಕ್ಕೆ ಹೊರಟವರ ಸೊಂಟದ ಕೊಕ್ಕೆಯಲ್ಲಿ ಇರುವುದು ಕತ್ತಿ, ಕೊಡಲಿ ಅಲ್ಲ. ಅವರ ದಿನದ ಕೆಲಸ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ದಾರಿಗೆ ಅಡ್ಡ ಬಂದ ಬಳ್ಳಿ, ಮಣಿಕಟ್ಟಿನ ದಪ್ಪದ ಕೊಂಬೆ, ಬಿದಿರು, ಎಳನೀರು, ಇದೆಲ್ಲಕ್ಕೂ ಕತ್ತಿ ಚುರುಕು. ನಮ್ಮ ಕ್ಯಾಂಪಿನ ಕೆಲಸವೂ ಬಹುಪಾಲು ಇದೇ ಅಲ್ವಾ? ಕತ್ತಿಯ ಜೊತೆ ಒಂದು ಮಡಚುವ ಗರಗಸ ಇಟ್ಟುಕೊಂಡರೆ ಎಷ್ಟೋ ಜನರಿಗೆ ಕೊಡಲಿಯ ನೆನಪೇ ಬರುವುದಿಲ್ಲ. ಬಾಕೋ ಕಂಪನಿಯ ಲ್ಯಾಪ್‌ಲ್ಯಾಂಡರ್ ಅನ್ನುವ ಮಡಚುವ ಗರಗಸದ ಅಲಗು 19 ಸೆಂ.ಮೀ. ಕೈಮುಷ್ಟಿ ದಪ್ಪದ ಕೊಂಬೆಯನ್ನು ಕೊಡಲಿಗಿಂತ ಕಡಿಮೆ ಸದ್ದಿನಲ್ಲಿ, ಕಡಿಮೆ ಅಪಾಯದಲ್ಲಿ ಕೊಯ್ಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮನೆಯವರಿಗೆ ನಾನು ಮೊದಲು ಗರಗಸ ಕೊಳ್ಳಿ ಅಂತಲೇ ಹೇಳುವುದು. ಕೊಡಲಿ ಆಮೇಲೆ.

ಕತ್ತಿಗೆ ಆಗದ ಕೆಲಸ ಒಂದೇ, ದಪ್ಪ ಸೌದೆ ಸೀಳುವುದು. ಮಳೆಗಾಲದಲ್ಲಿ ಇದು ಮುಖ್ಯ. ಸೌದೆ ಹೊರಗೆ ಎಷ್ಟೇ ಒದ್ದೆಯಾಗಿದ್ದರೂ ಒಳಗಿನ ತಿರುಳು ಒಣಗಿರುತ್ತದೆ, ಅದನ್ನು ಹೊರತೆಗೆಯಲು ಕೊಡಲಿ ಬೇಕು. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುತ್ತುವವರು ಗರಗಸದ ಜೊತೆ ಕೊಡಲಿ ಇಟ್ಟುಕೊಳ್ಳಿ. ಬೇಸಗೆಯಲ್ಲಿ ಮಾತ್ರ ಹೋಗುವವರಿಗೆ ಕತ್ತಿ, ಗರಗಸ ಸಾಕು. ಸೀಳುವಾಗ ಬೀಸಬೇಕಾಗಿಯೂ ಇಲ್ಲ. ಕೊಡಲಿಯ ಬಾಯಿಯನ್ನು ಸೌದೆಯ ತುದಿಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿನ ಮೇಲೆ ಕುಟ್ಟಿ. ನಾಲ್ಕೈದು ಕುಟ್ಟಿಗೆ ಸೀಳುತ್ತದೆ, ಬೆರಳು ಉಳಿಯುತ್ತದೆ. ಕೊಡಲಿಯ ಹಿಂಬದಿಗೆ ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ, ಕಾವು ಕೂರುವ ತೂತು ಅಗಲವಾಗಿ ತಲೆ ಕೆಡುತ್ತದೆ. ಮರದ ಕೊರಡಿನಿಂದ ಹೊಡೆದರೆ ಏನೂ ಆಗುವುದಿಲ್ಲ.

ಕೊಂಡ ಮೇಲೆ

ಯಾವ ಕೊಡಲಿ ತಂದರೂ ಮೊದಲ ಸಲ ಹೊರಗೆ ಒಯ್ಯುವ ಮುಂಚೆ ಸಾಣೆ ಹಿಡಿಯಬೇಕು. ನಮ್ಮ ಕಡೆಯವು ಹರಿತ ಇಲ್ಲದೆಯೇ ಬರುತ್ತವೆ. ಅರದಿಂದ ಆಕಾರ ತಂದು, ಆಮೇಲೆ ಕಲ್ಲು. ಕೈಯಲ್ಲಿ ಹಿಡಿಯುವ ದುಂಡು ಕಲ್ಲು ಸಿಗುತ್ತದೆ, ಒಂದು ಬದಿ ಒರಟು, ಇನ್ನೊಂದು ನಯ, ಪ್ರಯಾಣಕ್ಕೆ ಅದೇ ಸಾಕು. ವಿದ್ಯುತ್ ಗ್ರೈಂಡರಿಗೆ ಕೊಡಬೇಡಿ. ಬಾಯಿ ನೀಲಿಗೆ ತಿರುಗಿತು ಅಂದರೆ ಅಲ್ಲಿನ ಹದ ಹೋಯಿತು ಅಂತ ಅರ್ಥ, ಮತ್ತೆ ಕುಲುಮೆಗೇ ಹೋಗಬೇಕು.

ಕಾವಿಗೆ ಅಂಗಡಿಯವರು ಹಚ್ಚಿದ ವಾರ್ನಿಶ್ ಇದ್ದರೆ ಮೊದಲು ಉಜ್ಜಿ ತೆಗೆದುಬಿಡಿ, ಅದು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಆಮೇಲೆ ಅಗಸೆ ಎಣ್ಣೆ ಹಚ್ಚಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ. ತಲೆಗೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸಾಕು. ಚರ್ಮದ ಕವಚದಲ್ಲಿ ಮಳೆಗಾಲ ಪೂರ್ತಿ ಇಟ್ಟರೆ ತುಕ್ಕು ಖಂಡಿತ, ಚರ್ಮ ನೀರು ಹಿಡಿದುಕೊಳ್ಳುತ್ತದೆ. ಆಯುಧಪೂಜೆಯ ದಿನ ಕುಂಕುಮ ಹಚ್ಚಿದ್ದನ್ನೂ ಮರುದಿನ ಒರೆಸಿ ಎಣ್ಣೆ ಕೊಡಿ, ಒದ್ದೆ ಕುಂಕುಮದ ಅಡಿಯಲ್ಲಿ ಚುಕ್ಕೆ ಚುಕ್ಕೆ ತುಕ್ಕು ಕೂತುಬಿಡುತ್ತದೆ.

ವಿಮಾನದಲ್ಲಿ ಒಯ್ಯುವುದಾದರೆ ಬಾಯಿಗೆ ಕವಚ ಹಾಕಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಕೊಡಲಿಗೆ ಹಣ ಎತ್ತಿಡುವಾಗಲೇ ಗಾಯಕ್ಕೆ ಒತ್ತಿ ಕಟ್ಟುವ ದಪ್ಪ ಬ್ಯಾಂಡೇಜ್ ಎರಡು ಸುರುಳಿಗೂ ಹಣ ಸೇರಿಸಿಕೊಳ್ಳಿ. ಅದು ಅಡುಗೆ ಪಾತ್ರೆಯ ಚೀಲದಲ್ಲಿ ಬೇಡ, ಕೊಡಲಿಯ ಕವಚದ ಜೊತೆಗೇ ಕಟ್ಟಿರಲಿ, ಕೊಡಲಿ ಹಿಡಿದವರ ಕೈಗೆ ಮೊದಲು ಸಿಗುವ ಹಾಗೆ.